ಸದ್ದಿಲ್ಲದ ಕೋಣೆ ತಮ್ಮನಿಗೆ

ಬೆಳಗ್ಗೆ ಕಿವಿಗೆ ಹೆಡ್‌ಸೆಟ್ ಏರಿಸಿದರೆ ಇಳಿಸುವುದು ಊಟಕ್ಕೆ ಮಾತ್ರ. ದಿನವಿಡೀ ಫೋನಿನಲ್ಲಿ ಗ್ರಾಹಕರ ಬೈಗುಳ. "ಕ್ಷಮಿಸಿ ಸಾರ್" ಅಂದು ಅಂದು ಅಕ್ಕನ ಗಂಟಲು ಕಟ್ಟಿಹೋಗಿತ್ತು. ಅದೇ ಕಂಪನಿಯ ಮೇಲಿನ ಮಹಡಿಯಲ್ಲಿ ಅವಳ ತಮ್ಮನಿಗೆ ಸದ್ದಿಲ್ಲದ ಕೋಣೆ, ಮಂದ ದೀಪ, ಮೆತ್ತನೆಯ ಕುರ್ಚಿ. ಮೀಟಿಂಗ್ ಇಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ. ನೆನೆದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

ತಮ್ಮನಿಗೆ ಆಟಿಸಂ, ಸದ್ದು ಸಹಿಸಲಾರ. ಚಿಕ್ಕಂದಿನಿಂದ ಮನೆಯವರೆಲ್ಲ ಅವನಿಗಾಗಿ ಪಿಸುಮಾತಲ್ಲೇ ಬದುಕಿದ್ದರು. ಅವಳು ಹಾಡಿದರೆ ಅಮ್ಮ ತುಟಿಯ ಮೇಲೆ ಬೆರಳಿಡುತ್ತಿದ್ದಳು. ಕೋಡಿಂಗ್ ಕಲಿಯುವ ಆಸೆ ಇಬ್ಬರಿಗೂ ಇತ್ತು, ಕಲಿತವನು ಅವನು. ಅವನಿಗೆ ಒಗ್ಗುವ ಕೋಡಿಂಗ್ ಭಾಷೆ ಹುಡುಕುತ್ತಾ ಅಮ್ಮ ಕ್ಲಾಸಿನಿಂದ ಕ್ಲಾಸಿಗೆ ಅಲೆದಳು. ಜಾವಾಸ್ಕ್ರಿಪ್ಟ್ ಕಂಡರೆ ಅಳುತ್ತಿದ್ದ. "ತಪ್ಪು ಬರೆದ್ರೂ ಸುಮ್ನಿರತ್ತೆ, ಆಮೇಲೆ ಕೈಕೊಡತ್ತೆ." ಕೊನೆಗೆ ರಸ್ಟ್ ಎಂಬ ಭಾಷೆ ಹಿಡಿಸಿತು. ತಪ್ಪು ಎಲ್ಲಿದೆ, ಯಾಕೆ ತಪ್ಪು ಎಂದು ಅದು ಮೊದಲೇ ಬಿಡಿಸಿ ಹೇಳುತ್ತದಂತೆ. "ಜನ ಯಾಕೆ ಹೀಗೆ ಹೇಳಲ್ಲ?" ಎಂದಿದ್ದ. ಅಕ್ಕನಿಗೇನು ಹಿಡಿಸುತ್ತದೆಂದು ಯಾರೂ ಕೇಳಲಿಲ್ಲ.

ಈಚೆಗೆ ಅವನು ಮನೆಗೆ ತಡವಾಗಿ ಬರುತ್ತಿದ್ದ. "ದೊಡ್ಡ ಮನುಷ್ಯ, ಮನೆ ನೆನಪಾಗಲ್ಲ" ಎಂದು ಅವಳು ಮೂತಿ ತಿರುವುತ್ತಿದ್ದಳು. ಅಮ್ಮ ಬಲವಂತ ಮಾಡಿದ್ದಕ್ಕೆ ಅಂದು ಸಂಜೆ ಕರೆತರಲು ಮೇಲೆ ಹೋದಳು. ತಮ್ಮನ ತುಟಿ ಒಣಗಿತ್ತು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

"ಯಾಕೋ ಊಟ ಮಾಡಿಲ್ಲ?"

"ಬಗ್ ಎಲ್ಲಾ ಮುಗಿಸಿ ಏಳು ಅಂದಿದಾರೆ. ಮುಗಿದಿಲ್ಲ."

ಅಂದ ಮಾತನ್ನು ಅಂದ ಹಾಗೇ ಹಿಡಿಯುವವನು ಅವನು. ಅವಳ ಕಣ್ಣೆದುರೇ ಪರದೆಯ ಮೇಲಿನ ಬಗ್‌ಗಳ ಪಟ್ಟಿಗೆ, ಸರಿಪಡಿಸಬೇಕಾದ ಹೊಸದೊಂದು ತಪ್ಪು ಬಂದು ಸೇರಿತು.

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ನಕ್ಕ. "ಇಂಥವರಿಗೆ ಕೋಡ್ ಅಂದ್ರೆ ಪ್ರಾಣ ಅಮ್ಮಾ. ಜಾಗ ಬಿಟ್ಟು ಏಳಲ್ಲ."

"ಏಳು ಅಂತ ಹೇಳಿದೀರಾ?"

"ಯಾಕೆ ಹೇಳ್ಲಿ? ಒಂದು ಮುಗಿದ್ರೆ ಇನ್ನೊಂದು ಹಾಕ್ತೀನಿ. ಬೇರೆಯವರು ಆರಕ್ಕೇ ಬ್ಯಾಗ್ ಏರಿಸ್ತಾರೆ. ಇವರನ್ನ ತಗೊಂಡಿದ್ದು ಮತ್ಯಾಕೆ?"

ಈ ಕೋಣೆಗಾಗಿ ಕರುಬಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಉರಿ ಮಾತ್ರ ಆರಲಿಲ್ಲ, ಆ ನಗುವ ಮನುಷ್ಯನ ಕಡೆಗೆ ತಿರುಗಿತು.

"ಕೇಳೋ. ಬಗ್ ಉಳಿದಿದ್ರೂ ಆರಕ್ಕೆ ಏಳಬೇಕು. ಹಸಿದಾಗ ಊಟ ಮಾಡಬೇಕು. ದಿನಾಲೂ."

ತಮ್ಮ ಯೋಚಿಸಿದ. "ಮ್ಯಾನೇಜರ್ ಬೇಡ ಅಂದ್ರೂ?"

"ಬೇಡ ಅಂದ್ರೂ."

ಅವನು ಕಂಪ್ಯೂಟರ್ ಆರಿಸಿ ಎದ್ದುಬಿಟ್ಟ.

"ಕೆಳಗೆ ನಿನ್ನ ಕೆಲಸಾನೂ ಇದೆ, ನೆನಪಿರಲಿ," ಎಂದ ಮ್ಯಾನೇಜರ್. ನಗು ಹೋಗಿತ್ತು.

"ಇರಲಿ ಬಿಡಿ."

ಆ ಸಾಲಿನಲ್ಲಿ ಅಂಥವೇ ಕೋಣೆಗಳು ಇನ್ನೂ ಇದ್ದವು, ಒಳಗೆ ತಮ್ಮನಂಥವರೇ. ಅವಳು ಪಕ್ಕದ ಬಾಗಿಲನ್ನು, ಒಳಗಿದ್ದವರು ಬೆಚ್ಚದ ಹಾಗೆ, ಮೆಲ್ಲಗೆ ತೆರೆದಳು. ಅವಳು ಬಾಯಿ ತೆರೆಯುವ ಮೊದಲೇ ತಮ್ಮ ಹೇಳಿದ, "ಆರಾಯ್ತು. ಬಗ್ ಉಳಿದಿದ್ರೂ ಏಳಬೇಕು."

ಒಳಗಿದ್ದ ಹುಡುಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಯಾರು ಹೇಳಿದ್ದು?"

"ನಮ್ಮಕ್ಕ."

ಹುಡುಗಿ ಕುರ್ಚಿ ಹಿಂದಕ್ಕೆ ಸರಿಸಿದಳು.