ಒಡಪಿಗೆ ಬಾರದ ಹೆಸರು

"ಹೇಳಪಾ ಅಣ್ಣಾಸಾಬ, ಹೋಳಗಿ ಕೈಯಾಗ ಹಿಡ್ಕೊಂಡ ಎಷ್ಟೊತ್ತ ಕುಂದರ್ತಿ? ಆಕಿ ಬಾಯಿ ತಕ್ಕೊಂಡ ಕುಂತಾಳ!"

ಸೋದರತ್ತೆ ಅಕ್ಕವ್ವ ಹೀಗೆ ಅಂದದ್ದೇ ತಡ, ಪಡಸಾಲೆಯ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅಣ್ಣಾಸಾಬನೂ ನಕ್ಕ. ಹೋಳಿಗೆಯ ತುಪ್ಪ ಮಣಿಕಟ್ಟಿಗೆ ಇಳಿಯುತ್ತಿತ್ತು. ಎದುರಿಗೆ ಹೆಂಡತಿ. ಅವಳ ಹೆಸರು ಸೇರಿಸಿ ಒಂದು ಒಡಪು ಹೇಳಬೇಕು, ತುತ್ತು ತಿನ್ನಿಸಬೇಕು, ಎದ್ದು ಹೋಗಬೇಕು. ಇಷ್ಟೇ ಕೆಲಸ. ಒಡಪು ಸಿದ್ಧವಿತ್ತು. ಹೆಸರು ಬರಲಿಲ್ಲ.

ನಾಚಿಕೆಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತೇ ಎಂದರೆ ಅದೂ ಅಲ್ಲ. ಇರಲೇ ಇಲ್ಲ.

ಚಿಕ್ಕೋಡಿಯ ಕಾಲೇಜಿನಲ್ಲಿ ಕನ್ನಡ ಕಲಿಸುವ ಅಣ್ಣಾಸಾಬ ಐನಾಪುರಕ್ಕೆ ಬಂದದ್ದು ಅತ್ತೆಯ ಸೊಸೆ ಗೌರಾಬಾಯಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ. ಮನೆಯಲ್ಲಿ ಹಾಗೆಂದು ಹೇಳಿದ್ದ. ನಿಜವಾಗಿ ಬಂದದ್ದು ಒಡಪುಗಳಿಗೆ. ಧಾರವಾಡದ ವಿಚಾರ ಸಂಕಿರಣದಲ್ಲಿ ಅವನು 'ಒಡಪು ಮತ್ತು ಸುಪ್ತ ಮನಸ್ಸು' ಎಂಬ ಪ್ರಬಂಧ ಓದಬೇಕಿತ್ತು. ಗಂಡನ ಹೆಸರು ಹೇಳಬಾರದೆಂಬ ನಿಷೇಧ. ಪ್ರಾಸದ ವೇಷ ಹಾಕಿಕೊಂಡು ಅದನ್ನು ದಾಟುವ ಆಸೆ. ಕನಸು ಮಾಡುವುದೂ ಇದನ್ನೇ ಅಲ್ಲವೇ? ಮನಸ್ಸಿಗೊಂದು ನೆಲಮಾಳಿಗೆಯಿದೆ ಎಂದು ಸಾರಿದ ವಿಯೆನ್ನಾದ ಡಾಕ್ಟರು ಇಂದು ಐನಾಪುರದಲ್ಲಿದ್ದಿದ್ದರೆ ಕುರ್ಚಿ ಎಳೆದುಕೊಂಡು ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು.

ಅಣ್ಣಾಸಾಬನ ಕೈಗೆ ಸಿಕ್ಕ ಯಾವ ಸಾಹಿತ್ಯವೂ ಸುಮ್ಮನೆ ಬಿಡುಗಡೆಯಾಗುತ್ತಿರಲಿಲ್ಲ. ಪದ್ಯದಲ್ಲಿ ಬಾವಿ ಬಂದರೆ ತಾಯಿ. ಏಣಿ ಬಂದರೆ ಹುಡುಗಿಯರು ತಲೆ ತಗ್ಗಿಸುವಂಥ ಇನ್ನೇನೋ. ಪಾಪ, ಏಣಿ ಬರೆದ ಕವಿಗೆ ಮಾಳಿಗೆ ಹತ್ತುವುದಷ್ಟೇ ಇತ್ತೋ ಏನೋ, ಅವನನ್ನು ಕೇಳುವವರು ಯಾರು?

ಬೆಳಗಿನಿಂದ ಎಲ್ಲ ಚೆನ್ನಾಗಿಯೇ ನಡೆದಿತ್ತು. ಟೇಪ್ ರೆಕಾರ್ಡರನ್ನು ಕಂಬದ ಪಕ್ಕ ಇಟ್ಟು ಗುಂಡಿ ಒತ್ತಿದ್ದ. ಆರತಿಯಾದ ಮೇಲೆ ಜೋಡಿ ಜೋಡಿಯಾಗಿ ಕೂರಿಸಿದರು. ಮೊದಲು ಬಸುರಿ ಗೌರಾಬಾಯಿ, ಹಸಿರು ಬಳೆಯ ಕೈ ಎತ್ತಿ, ಗಂಡನ ಹೆಸರು ಹೇಳಿದಳು:

"ಕಬ್ಬಿನ ಗಾಣಕ್ಕ ಎತ್ತ ಹೂಡ್ಯಾರ, ಕೊಪ್ಪರಿಗಿಗೆ ಬೆಂಕಿ ಹಚ್ಚ್ಯಾರ, ಕಾಮಣ್ಣಾರು ಬೆಲ್ಲದಾಸೆಕ ನನ್ನ ಮುಂದ ಬಂದ ಕುಂತಾರ!"

ಕಬ್ಬು, ಗಾಣ, ಬೆಂಕಿ! ಅಣ್ಣಾಸಾಬನಿಗೆ ಪ್ರಬಂಧ ಅರ್ಧ ಮುಗಿದಷ್ಟು ಖುಷಿಯಾಯಿತು.

ಆಮೇಲೆ ಅವನ ಜೋಡಿಯನ್ನೇ ಎಳೆದು ಕೂರಿಸಿದರು. ಹೆಂಡತಿ ಸೆರಗು ಸರಿಮಾಡಿಕೊಂಡು, ಒಂಚೂರೂ ತಡವರಿಸದೆ ಹೇಳಿದಳು:

"ದ್ರಾಕ್ಷಿ ಬಳ್ಳಿಗೆ ಹಂದರ ಚೆಂದ, ಹಂದರಕ್ಕ ಗೊಂಚಲ ಚೆಂದ, ಅಣ್ಣಾಸಾಬರ ಜೋಡಿ ನಾ ಕುಂತ್ರ ಐನಾಪುರಕ್ಕ ಚೆಂದ!"

ಇವಳಿಗೆ ಇದೆಲ್ಲ ಬರುತ್ತದೆಯೆ? ಅವನು ಬೆರಗಾಗಿ ನೋಡಿದ. ಅಷ್ಟರಲ್ಲಿ ಅವನ ಕೈಗೆ ಹೋಳಿಗೆ ಬಂತು.

ಈ ಸೀಮೆಯಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡ ಅದರಲ್ಲಿ ಉಂಗುರದಿಂದ ಬರೆಯಬೇಕು. ತವರಿನ ಸುಂದ್ರವ್ವ ಎಂಬ ಹೆಸರು ಕಾಲೇಜು ಮಾಸ್ತರನ ಹೆಂಡತಿಗೆ ಹೊಂದದು ಎಂದು ಅಣ್ಣಾಸಾಬ ನಿಘಂಟು ತಿರುವಿ, ಗೆಳೆಯರೆಲ್ಲ ಭಲೇ ಅನ್ನುವಂಥದೊಂದನ್ನು ಬರೆದಿದ್ದ. ಅಕ್ಕಿ ನೆನಪಿತ್ತು. ಉಂಗುರ ಎಳೆದ ಗೆರೆಗಳ ತಳದಲ್ಲಿ ಹೊಳೆದ ಹಿತ್ತಾಳೆ ನೆನಪಿತ್ತು. ಅಕ್ಷರಗಳಿರಲಿಲ್ಲ. ಮದುವೆಯಾದಾಗಿನಿಂದ ಒಮ್ಮೆಯೂ ಅವಳನ್ನು ಆ ಹೆಸರಿನಿಂದ ಕರೆದಿರಲಿಲ್ಲ. 'ಏ' ಅಂದರೆ ಬರುತ್ತಿದ್ದಳು.

ಸುಂದ್ರವ್ವ ಅಂದುಬಿಡಲೆ? ತಾನೇ ಅಳಿಸಿದ್ದನ್ನು ನಾಲ್ಕು ಮಂದಿಯ ಮುಂದೆ ತಾನೇ ಹೇಳುವುದೆ? ತುಪ್ಪ ಮೊಣಕೈ ಮುಟ್ಟಿತು. ಆ ಡಾಕ್ಟರು ಹೇಳಿದ ಒಳಗಿನ ಆಸೆಬುರುಕ ಇಡ್, ಹೋಳಿಗೆ ನೀನೇ ತಿಂದುಬಿಡು ಎಂದಿತು. ಸೂಪರ್ ಈಗೋ ಥೇಟ್ ಅತ್ತೆಯ ದನಿಯಲ್ಲಿ ಗದರಿತು. ನಡುವೆ ಸಿಕ್ಕ ಈಗೋ ಹಲ್ಲು ಕಿರಿಯಿತು.

"ಬಿಡ್ರೆ ಬೇ, ನಾಚಗೊಂಡಾನ!" ಅಕ್ಕವ್ವ ಅವನ ಬೆನ್ನಿಗೆ ಗುದ್ದಿದಳು. "ಹೆಣ್ತಿ ಮ್ಯಾಲೆ ಭಾಳ ಜೀವ ಇದ್ದವ್ರಿಗಿ ಹೆಸರ ಬಾಯಾಗ ಬರೂದಿಲ್ಲ."

ಮತ್ತೆ ನಗೆ. ಗೌರಾಬಾಯಿಯಂತೂ ಹೊಟ್ಟೆ ಹಿಡಿದುಕೊಂಡು ನಕ್ಕಳು. "ವೈನೀ, ಪುಣ್ಯಾ ಮಾಡಿ ಬಂದೀ ನೋಡು!"

ಹೆಂಡತಿ ತಾನೇ ಮುಂದಕ್ಕೆ ಬಾಗಿ ಅವನ ಕೈಯಿಂದ ತುತ್ತು ಕಚ್ಚಿದಳು. ಎಲ್ಲರ ಜೊತೆ ನಗುತ್ತಲೇ ಅವನನ್ನೊಮ್ಮೆ ನೋಡಿದಳು. ಅವಳಿಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು.

ಊಟ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದಾಗ ಬಿಸಿಲು ಇಳಿದಿತ್ತು. ಅವಳು ಶೇಂಗಾ ಕೊಳ್ಳಲು ಹೋದಾಗ ಅಣ್ಣಾಸಾಬ ಟೇಪು ಹಿಂದಕ್ಕೆ ಓಡಿಸಿ ಕಿವಿಗೆ ಹಿಡಿದ. ಅಷ್ಟು ಹೆಂಗಸರಲ್ಲಿ ಒಬ್ಬಳಾದರೂ ಅವಳ ಹೆಸರು ಹಿಡಿದು ಕರೆದಿರಬೇಕಲ್ಲ? ಅತ್ತಿಗೆಯೆಂದು ವೈನಿ ಅಂದಿದ್ದರು. ಚಿಗವ್ವ ಅಂದಿದ್ದರು. ಮಾಸ್ತರ ಹೆಣ್ತಿ ಅಂದಿದ್ದರು. ಆಮೇಲೆ ಅವನ ಮೌನ, ಅದರ ಮೇಲೆ ಬರೀ ನಗೆ.

ಮರೆವು ಆಕಸ್ಮಿಕವಲ್ಲ, ಮರೆಯಬೇಕೆಂದವನೇ ಮರೆಯುತ್ತಾನೆ. ಇದನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದ! ಹಾಗಾದರೆ ಯಾಕೆ ಮರೆತೆ? ಅವನು ಉತ್ಸಾಹದಿಂದಲೇ ತನ್ನ ನೆಲಮಾಳಿಗೆಗೆ ಇಳಿದ. ಬಾಲ್ಯದ ಗಾಯವೋ, ಅವ್ವನ ನೆನಪೋ, ಹಳೆಯ ಹುಡುಗಿಯೊಬ್ಬಳ ಹೆಸರೋ, ಏನಾದರೂ ಒಂದು ಸಿಕ್ಕೀತು ಎಂದುಕೊಂಡಿದ್ದ. ಏನೂ ಇರಲಿಲ್ಲ. ಅದುಮಿಡುವಷ್ಟು ಕೂಡ ಆ ಹೆಸರನ್ನು ಅವನು ಬಳಸಿರಲಿಲ್ಲ. ಅಣ್ಣಾಸಾಬನಿಗೆ ಮೊದಲ ಸಲ ಹೆದರಿಕೆಯಾಯಿತು.

ಅವಳು ಶೇಂಗಾ ಸುಲಿಯುತ್ತ ಬಂದು ಪಕ್ಕದಲ್ಲಿ ಕೂತಳು. "ಎಲ್ಲಾರೂ ಭಾಳ ನಕ್ಕರ ನೋಡ್ರಿ. ಚಲೋ ಆತು."

"ನಿಮ್ಮಪ್ಪ ಕಾಗದ ಬರದ್ರ, ವಿಳಾಸದಾಗ ಏನಂತ ಬರೀತಾನ?"

"ನಿಮ್ಮ ಹೆಸರ ಬರೀತಾನ್ರಿ."

"ನಿಂದು?"

"ನಂದ್ಯಾಕ್ರಿ? ಪೋಸ್ಟಮನ್ ನಿಮ್ಮನ್ನ ಗುರ್ತ ಹಿಡೀತಾನ."

ಅವನು ಗಂಟಲು ಸರಿಮಾಡಿಕೊಂಡ. "ಸಿಟ್ಟಾಗಿಯೇನು?"

"ಯಾರು ಸಿಟ್ಟಾಗಬೇಕ್ರಿ?" ಅವಳು ಕೈಯಲ್ಲಿದ್ದ ಸಿಪ್ಪೆಯನ್ನು ಊದಿದಳು. "ಸುಂದ್ರವ್ವನೋ, ಇಲ್ಲಾ ಇನ್ನೊಬ್ಬಾಕಿಯೋ?"

ಸಿಕ್ಕಳು! ಅಣ್ಣಾಸಾಬ ಜಾಣತನದಿಂದ ಕೇಳಿದ. "ಇನ್ನೊಬ್ಬಾಕಿ ಅಂದ್ರ ಯಾರು?"

"ನೀವ ಇಟ್ಟೀರಿ. ನೀವ ಹೇಳ್ರಿ." ಸುಲಿದ ಶೇಂಗಾವನ್ನು ಅವನ ಅಂಗೈಗೆ ಸುರಿದಳು. ಮುಖದಲ್ಲಿ ನಗೆ ಹಾಗೆಯೇ ಇತ್ತು.

ಚಿಕ್ಕೋಡಿ ಮೇಲೆ ಹೋಗುವ ನಿಪ್ಪಾಣಿ ಬಸ್ಸು ಬಂತು. ಕಿಕ್ಕಿರಿದಿತ್ತು. ಅವಳಿಗೆ ಮುಂದೆ ಹೆಂಗಸರ ನಡುವೆ ಜಾಗ ಸಿಕ್ಕಿತು. ಅವನು ಹಿಂದೆ ಬಾಗಿಲ ಬಳಿ ಜೋತುಬಿದ್ದ. ಮುಂದೆ ಅವಳು ಏನೋ ಹೇಳಿದಳು, ಸಾಲಿಗೆ ಸಾಲೇ ನಕ್ಕಿತು. ಅವಳ ಪಕ್ಕದ ಮುದುಕಿ ಅವಳ ಕೆನ್ನೆ ಸವರಿದಳು. ಅಣ್ಣಾಸಾಬ ಅ ಇಂದ ಕ್ಷ ವರೆಗೆ ಒಂದೊಂದೇ ಅಕ್ಷರ ಹಿಡಿದು ಹೆಸರು ಹುಡುಕಿದ. ಚಿಕ್ಕೋಡಿ ಬರುವುದರೊಳಗೆ ಸಿಕ್ಕರೆ ಸಾಕು, ಬಸ್ಸಿನವರೆಲ್ಲರ ಎದುರು ಕೂಗಿ ಹೇಳುತ್ತೇನೆ ಎಂದುಕೊಂಡ. ಸಿಗದಿದ್ದರೆ ಅವಳು ಕೈತಪ್ಪಿ ಹೋಗುತ್ತಾಳೆ ಎಂದು ಯಾಕೋ ಬಲವಾಗಿ ಅನ್ನಿಸಿತು.

ಚಿಕ್ಕೋಡಿ ಬಂತು. ಜನ ಅವನನ್ನು ನೂಕಿಕೊಂಡೇ ಕೆಳಗಿಳಿಸಿದರು. ಅವನು ಓಡಿಹೋಗಿ ಮುಂದಿನ ಕಿಟಕಿಗಳ ಕೆಳಗೆ ನಿಂತ. ಅವಳು ಎದ್ದಿರಲಿಲ್ಲ.

"ಏ!" ಎಂದ. "ಏ, ಊರ ಬಂತು, ಇಳಿ!"

"ಹೆಸರ ಹಿಡದ ಕರೀರಿ ಸರ," ಎಂದ ಕಂಡಕ್ಟರ್. "ಹಿಂಗಂದ್ರ ಯಾರ ಇಳೀಬೇಕು?"

ಅಣ್ಣಾಸಾಬ ಬಾಯಿ ತೆರೆದ. ಮತ್ತೆ ತೆರೆದ. ಕೊನೆಗೆ ಮಾನ ಬಿಟ್ಟು ಕೂಗಿದ. "ಸುಂದ್ರವ್ವಾ!"

"ಯಾಕಪಾ, ಯಾರ ನೀ?" ಕಿಟಕಿಯಿಂದ ಇಣುಕಿದ್ದು ಪಕ್ಕದ ಸೀಟಿನ ಮುದುಕಿ.

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಗಂಟೆ ಬಾರಿಸಿದ. ಅಣ್ಣಾಸಾಬ ತಗಡಿನ ಮೈಯನ್ನು ಬಡಿಯುತ್ತ ನಾಲ್ಕು ಹೆಜ್ಜೆ ಓಡಿದ. ಕಿಟಕಿ ಕಿಟಕಿಯಲ್ಲೂ ಹೆಂಗಸರು, ತಮ್ಮನ್ನೇ ಕರೆದನೇನೋ ಎಂಬಂತೆ ಅವನತ್ತ ಮುಖ ತಿರುಗಿಸಿಕೊಂಡು ಸಾಗಿಹೋದರು. ಒಂದು ಮುಖ ಮಾತ್ರ ನಗುನಗುತ್ತ ನಿಪ್ಪಾಣಿಯ ಕಡೆಗೆ ನೋಡುತ್ತಿತ್ತು.