ಅಪ್ಪ ಇದ್ದಾಗಲೇ ತೆಗೆದ ಮೀಸೆ

ನಲವತ್ತು ದಾಟಿದ ಮೇಲೆ ನಮ್ಮ ಮನೆಯವರಿಗೆ ಸಣ್ಣಾಟದಲ್ಲಿ ಹೆಣ್ಣು ಪಾತ್ರ ಮಾಡುವ ಹುಚ್ಚು ಹಿಡಿಯಿತು. ಮುನವಳ್ಳಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಜೋಳ ಬೀಸಿಸಲು ಬಂದ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದನ್ನು ಇವರು ದಿಟ್ಟಿಸುತ್ತಾರೆಂದು ಗೊತ್ತಾದಾಗ ನಾನು ಬೇರೇನೋ ತಿಳಿದು ಜಗಳ ತೆಗೆದೆ. ಆಮೇಲೆ ನೋಡಿದರೆ ಗಿರಣಿಯ ಹಿಂದೆ ಒಬ್ಬರೇ ಹಾಗೇ ನಿಂತು ಅಭ್ಯಾಸ ಮಾಡುತ್ತಿದ್ದರು. ಬೇರೇನೋ ಆಗಿದ್ದರೆ ಬೈದು ಬಿಡಿಸಬಹುದಿತ್ತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಎಲ್ಲರೂ ಅಂದರು, ನಾನೂ ಅಂದೆ. ಇವರು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ರಾಮದುರ್ಗದಾಚೆಯ ಹಳ್ಳಿಯಲ್ಲಿ ದುರ್ಗಪ್ಪ ಮಾಸ್ತರರಿದ್ದಾರೆ, ಜೀವಮಾನವೆಲ್ಲ ರಾಣಿ ಪಾತ್ರ ಮಾಡಿ ಈಗ ಮೊಣಕಾಲು ಹಿಡಿದುಕೊಂಡು ಕುಳಿತವರು. ಸೋಮವಾರ ಗಿರಣಿಗೆ ರಜೆ, ಇವರು ಅವರಲ್ಲಿಗೆ ಬಸ್ಸು ಹತ್ತುತ್ತಿದ್ದರು. ನಡಿಗೆ ಬಂತು, ಹಾಡು ಬಂತು. ನಗು ಮಾತ್ರ ಬರಲಿಲ್ಲ. ಹೆಣ್ಣಿನ ನಗು ಮೇಲ್ದುಟಿಯಲ್ಲಿ ಹುಟ್ಟುತ್ತದೆ, ಅದನ್ನು ಕಾಣದೆ ತಿದ್ದುವುದು ಹೇಗೆ, ಮೀಸೆ ತೆಗೆದು ಬಾ, ಇಲ್ಲವಾದರೆ ಬರಲೇಬೇಡ ಎಂದು ಮಾಸ್ತರರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟರು.

ಮೀಸೆ ತೆಗೆಸುವುದೇನು ದೊಡ್ಡ ಮಾತು! ಆದರೆ ಮನೆಯಲ್ಲಿ ನನ್ನ ಮಾವ ಮಡಿವಾಳೆಪ್ಪ ಇದ್ದಾರೆ. ಅಪ್ಪ ಬದುಕಿರುವಾಗ ಮಗ ಮೀಸೆ ಬೋಳಿಸಬಾರದೆಂಬುದು ನಮ್ಮ ಕಡೆಯ ಹಳೆಯ ಮಾತು. ಬೋಳಿಸಿದರೆ ಅಪ್ಪ ಹೋದನೆಂದೇ ಜನ ತಿಳಿಯುತ್ತಿದ್ದರು. ಈಗಿನ ಹುಡುಗರು ಇದನ್ನೆಲ್ಲ ಬಿಟ್ಟಿದ್ದಾರೆ. ಮಾವ ಬಿಟ್ಟಿಲ್ಲ.

“ಮೀಸಿ ತಗದ ದಿನಾ ನಾ ನಿನ್ನ ಪಾಲಿಗೆ ಸತ್ತೆ ಅಂತ ತಿಳಿ,” ಎಂದರು ಮಗನಿಗೆ.

ಸ್ವಲ್ಪ ಕಾಯಿರಿ ಎಂದೆ ನಾನು. ಎಲ್ಲಿಯತನಕ ಎಂದು ಇವರು ಕೇಳಿದರು. ಅಪ್ಪ ಸಾಯುವತನಕ ಎನ್ನಬೇಕಲ್ಲ, ನನಗೇ ನಾಚಿಕೆಯಾಯಿತು. ಮಾಸ್ತರರಿಗೂ ಮಾವನದೇ ವಯಸ್ಸು. ಇಬ್ಬರಲ್ಲಿ ಯಾರು ಮೊದಲು ಹೋಗುತ್ತಾರೆಂದು ಕಾಯುತ್ತ ಕೂರುವುದು ಮೀಸೆ ಬೋಳಿಸುವುದಕ್ಕಿಂತ ಕೆಟ್ಟದ್ದು. ಇವರಿಗೆ ಅಪ್ಪ ಅಂದರೆ ಜೀವ, ಎಷ್ಟೋ ದಿನ ಊಟ ಸೇರಲಿಲ್ಲ. ಕಡೆಗೆ, ಊರಿನ ಕ್ಷೌರಿಕ ಒಪ್ಪುವುದಿಲ್ಲವೆಂದು ಸವದತ್ತಿಗೆ ಹೋಗಿ, ಗುರುತಿಲ್ಲದ ಅಂಗಡಿಯಲ್ಲಿ ಬೋಳಿಸಿಕೊಂಡು ಬಂದರು.

ಮಾವ ನುಡಿದಂತೆ ನಡೆದರು. ಮಗನ ಜೊತೆ ಮಾತಿಲ್ಲ, ಅವನ ಮುಖ ನೋಡುವುದೂ ಇಲ್ಲ. ನಾನು ಊಟಕ್ಕೆ ಕರೆದರೆ, ಸತ್ತವರಿಗೆ ಬಡಿಸುವುದಿಲ್ಲ, ಎಡೆ ಇಡುತ್ತಾರೆ ಎಂದರು. ಸರಿ, ತಾಟು ತಂದು ಮುಂದಿಟ್ಟು, ಎಡೆ ಇಟ್ಟಿದ್ದೇನೆ ಎಂದೆ. ಪುಂಡಿಪಲ್ಯದ ಎಡೆಯನ್ನು ಮತ್ತೆ ಕೇಳಿ ಹಾಕಿಸಿಕೊಂಡರು.

ಬೈಲಹೊಂಗಲದ ಸಂತೆಯಲ್ಲಿ ಯಾರೋ ಇವರ ಬೋಳು ಮುಖ ನೋಡಿದರಂತೆ. ಸುದ್ದಿ ದೇಗಾಂವದಲ್ಲಿರುವ ಮಾವನ ತಂಗಿ ದೇವಕ್ಕನಿಗೆ ಮುಟ್ಟಿತು. ಫೋನು ಮಾಡಿ ಕೇಳುವ ವ್ಯವಧಾನ ಯಾರಿಗಿದೆ! ಓಣಿಯ ತಿರುವಿನಿಂದಲೇ ಅಳುತ್ತ, ಅಣ್ಣನ ಗುಣಗಳನ್ನು ಹಾಡಿ ಹೊಗಳುತ್ತ ಬಂದರು. ಕಟ್ಟೆಯ ಮೇಲೆ ಕುಳಿತಿದ್ದ ಮಾವ ಅಷ್ಟನ್ನೂ ಕೇಳಿಸಿಕೊಂಡು, ಇನ್ನೂ ಇದ್ದರೆ ಮುಗಿಸಿಬಿಡು ಎಂದರು. ಆಮೇಲೆ ದೇವಕ್ಕನ ಬೈಗುಳವೆಲ್ಲ ನನ್ನ ಪಾಲಿಗೆ ಬಂತು, ಗಂಡನನ್ನು ಅಂಕೆಯಲ್ಲಿ ಇಟ್ಟುಕೊಂಡಿಲ್ಲವೆಂದು.

ನನಗೆ ನಗು ತಡೆಯಲಾಗಲಿಲ್ಲ. ಇವರು ಗಿರಣಿಯೊಳಗೆ ಹೋಗಿ, ಮಷೀನು ಚಾಲೂ ಮಾಡಿ, ಆ ಸಪ್ಪಳದಲ್ಲಿ ಅತ್ತರು. ಅವತ್ತು ಮಾವನ ಮೇಲೆ ನನಗೆ ಬಹಳ ಸಿಟ್ಟು ಬಂತು. ಹಠಕ್ಕೂ ಒಂದು ಮಿತಿ ಬೇಡವೇ?

ಮುಂದಿನ ಬೇಸಿಗೆಯಲ್ಲಿ ಊರಲ್ಲೇ ಆಟ ಇಟ್ಟರು. ದುರ್ಗಪ್ಪ ಮಾಸ್ತರರೇ ಬಂದು ಬಣ್ಣ ಹಚ್ಚಿದರು. ರಾಣಿ ಮೊದಲ ಸಲ ನಕ್ಕಾಗ, ನನ್ನ ಪಕ್ಕ ಕುಳಿತಿದ್ದ ಒಬ್ಬ ಮುದಕವ್ವ, ಈಕೆ ಯಾವೂರಿನವಳೆಂದು ನನ್ನನ್ನೇ ಕೇಳಿದಳು. ಹೆಮ್ಮೆಯಾಯಿತು. ಹೊಟ್ಟೆಕಿಚ್ಚೂ ಆಯಿತು, ನನಗೆ ಹಾಗೆ ನಗಲು ಎಂದೂ ಬಂದಿಲ್ಲ. ಮಾವ ಆಟಕ್ಕೆ ಬಂದಿಲ್ಲವೆಂದೇ ನಾವು ತಿಳಿದಿದ್ದೆವು.

ಬೆಳಗಾದ ಮೇಲೆ ಬಣ್ಣ ಕೂಡ ತೊಳೆಯದೆ, ಉಟ್ಟ ಸೀರೆಯಲ್ಲೇ ಇವರು ನನ್ನ ಜೊತೆ ಮನೆಗೆ ಬಂದರು. ಮಾವ ಕಟ್ಟೆಯ ಮೇಲಿದ್ದರು. ಎಂದಿನಂತೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ ಇವರನ್ನು ಮಾವ ಕರೆದರು.

“ಯವ್ವಾ, ರಾತ್ರಿ ಪೂರಾ ಕುಣದಿ, ದಣದಿರತಿ. ಕುಂದರ ಬಾ.”

ಇವರು ನನ್ನ ಮುಖ ನೋಡಿದರು. ಈಗ ಅಪ್ಪಾ ಎಂದರೆ ಮಾತು ಮತ್ತೆ ಕಡಿಯುತ್ತದೆಂದು ನಮ್ಮಿಬ್ಬರಿಗೂ ತಿಳಿಯಿತು. ಸೆರಗು ಹೊದ್ದುಕೊಂಡು ಕಟ್ಟೆಯ ಅಂಚಿಗೆ ಕುಳಿತರು. ಮಾವ ನೀರಿನ ತಂಬಿಗೆಯನ್ನು ಇವರತ್ತ ಸರಿಸಿದರು. ಕಣ್ಣು ಮಾತ್ರ ಓಣಿಯ ಕಡೆಗೇ ಇತ್ತು.

“ನಾ ಹಿಂದ ಕುಂತ ಪೂರಾ ನೋಡೇನಿ. ನನ್ನ ಮಗಾ ಎಲ್ಲೆರ ಸಿಕ್ಕರ ಹೇಳವ್ವಾ, ಚಲೋ ಕಲತಾನಂತ.”

“ಹೇಳತೇನ್ರಿ,” ಎಂದರು ಇವರು, ರಾಣಿಯ ದನಿಯಲ್ಲೇ.