ಸಾವಿತ್ರವ್ವನ ಹಸಿರು ಸೀರೆ

ಅಕ್ಕಿಗಂಜಿ ಕುದಿಯುವ ವಾಸನೆ ಇಸಾಕನಿಗೆ ಎಂಟನೆಯ ವಯಸ್ಸಿನಿಂದ ನೆನಪಿತ್ತು. ಜೋಳದ ಸೀಮೆಯ ಮೋರಟಗಿಯಲ್ಲಿ ಅದು ದಿನವೂ ಬರುತ್ತಿದ್ದದ್ದು ಒಂದೇ ಮನೆಯಿಂದ. ಪೋರ್ಚುಗೀಸರ ಗೋವಾ ಬಿಟ್ಟು ಬಂದ ದರ್ಜಿಯ ಮನೆ ಅದು. ಜ್ವರದಲ್ಲಿ ರೊಟ್ಟಿ ಇಳಿಯದೆ ಬಿದ್ದಿದ್ದ ಅವನಿಗೆ ಏಳು ದಿನ ಗಂಜಿ ತಂದುಕೊಟ್ಟವಳು ದರ್ಜಿಯ ಹೆಂಡತಿ ಸಾವಿತ್ರವ್ವ. ಆಗ ಅವಳು ಊರಿಗೆ ಹೊಸಬಳು, ರೊಟ್ಟಿ ಬಡಿಯಲು ಇನ್ನೂ ಬರುತ್ತಿರಲಿಲ್ಲ.

ಹನ್ನೆರಡು ವರ್ಷದ ಮೇಲೆ, ಅವಳದೇ ಹಸಿರು ಸೀರೆ ಉಟ್ಟು ಇಸಾಕ ಪರದೆಯ ಹಿಂದೆ ಬೆವರುತ್ತಿದ್ದ.

ಊರ ಹುಡುಗರ ನಾಟಕ ಮಂಡಳಿಗೆ ಸೀರೆಯ ಪೆಟ್ಟಿಗೆ ಎಲ್ಲಿಂದ ಬರಬೇಕು? ಹೆಣ್ಣುಪಾತ್ರದವನೇ ಓಣಿಯಲ್ಲಿ ಕೇಳಿ ತರುವುದು ರೂಢಿ. ಸಾವಿತ್ರವ್ವ ಮದುವೆಯ ಸೀರೆಯನ್ನೇ ಕೊಟ್ಟಿದ್ದಳು. "ಯಾರ ಪಾತ್ರನೋ?" ಎಂದು ಕೇಳಿದಾಗ, "ಒಬ್ಬಾಕಿ ಹೆಣ್ಣಮಗಳದ್ರಿ, ಚಿಗವ್ವ" ಎಂದು ಇಸಾಕ ತಲೆ ತಗ್ಗಿಸಿದ್ದ. ನಾಟಕ ಗೋವಾದಿಂದ ಬಂದ ಸಂಸಾರವೊಂದರ ಫಜೀತಿ ಎಂದು ಹೇಳಲು ಬಾಯಿ ಬರಲಿಲ್ಲ.

"ಗುರುಲಿಂಗಪ್ಪಣ್ಣ, ರೊಟ್ಟಿ ಬಡಿಯೋದು ಬಿಡೋಣ್ರಿ. ಚಿಗವ್ವ ಮುಂದ ಕುಂತಾಳ" ಎಂದು ಇಸಾಕ ಬೇಡಿಕೊಂಡ.

ನಾಟಕ ಬರೆದು ಗೌಡನ ಪಾತ್ರವನ್ನೂ ಹಾಕಿದ್ದ ಗುರುಲಿಂಗಪ್ಪ ಮೀಸೆ ಅಂಟಿಸಿಕೊಳ್ಳುತ್ತ ಗದರಿದ. "ಹುಚ್ಚ ಅದಿಯೇನಲೇ? ಜನ ಬಂದಿದ್ದ ಅದಕ್ಕ! ಹಿಟ್ಟ ಮಾರಿಗೆ ಬಡಕೊಂಡು ಹೋ ಅಂತ ಅಳು. ಆಗೋದಿಲ್ಲಂದ್ರ ಸೀರಿ ಬಿಚ್ಚಿ ಮನಿಗೆ ನಡಿ."

ಪರದೆ ಸರಿಯಿತು. ಹೆಂಗಸರಿಗೆ ಸೀರೆಯ ಗುರುತು ಹತ್ತಲು ತಡವಾಗಲಿಲ್ಲ. "ಅಯ್ಯ, ದರ್ಜಿಯವರ ಸೀರಿ ಅಲ್ಲೇನ?" "ಹಂಗಾದ್ರ ಈಕಿದ ನಾಟಕ!" ತಲೆಗಳೆಲ್ಲ ಒಂದೇ ಕಡೆ ತಿರುಗಿದವು. ಸಾವಿತ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎದ್ದು ಹೋದರೆ ಅದಕ್ಕೂ ನಗುತ್ತಾರೆ, ಕೂತೇ ಇದ್ದಳು.

ರಂಗದ ಮೇಲೆ ಇಸಾಕ ಬಡಿದ ರೊಟ್ಟಿ ಹರಿಯಿತು. ಗೌಡ ಬಡಿಗೆ ಕುಟ್ಟಿದ. "ರೊಟ್ಟಿ ಬಡಿಯಾಕ ಬರದಾಕಿ ಈ ಊರಾಗ ಯಾಕಿರಬೇಕು? ನಿನ್ನ ದೇಶಕ್ಕ ನಡಿ!"

ಜನ ಸಿಳ್ಳೆ ಹಾಕಿತು. ಇನ್ನು ಅವನು ಅಳಬೇಕು. ಹಿಟ್ಟು ಹಿಡಿದ ಕೈ ಮೇಲೇಳಲಿಲ್ಲ. "ಅಳಲೇ, ಅಳು!" ಎಂದು ಪರದೆಯ ಸಂದಿನಿಂದ ಮಂಡಳಿಯ ಹುಡುಗನೊಬ್ಬ ಪಿಸುಗುಟ್ಟಿದ.

ಇಸಾಕ ಪಕ್ಕಕ್ಕೆ ಸರಿದು ಹಿಟ್ಟಿನ ಮುದ್ದೆಯನ್ನು ಗೌಡನ ಕೈಗಿಟ್ಟ. "ತಪ್ಪಾತ್ರಿ, ಗೌಡ್ರ. ಈ ಊರಾಗ ಇರಬೇಕಂದ್ರ ಬಡಿಯಾಕ ಬರಬೇಕಲ್ರಿ? ನೀವೊಂದು ಬಡದು ತೋರಸ್ರಿ."

"ಲೇ, ಇದು ನಾಟಕದಾಗಿಲ್ಲ" ಎಂದು ಗುರುಲಿಂಗಪ್ಪ ಹಲ್ಲು ಕಡಿದ.

ಹೆಂಗಸರ ನಡುವಿನಿಂದ ಮುದುಕಿ ತಿಪ್ಪವ್ವ ಕೂಗಿದಳು. "ಬಡೀರಿ, ಗೌಡ್ರ! ದಿನಾ ನಾಕ ತಿಂತೀರಲ್ಲ!"

ಗುರುಲಿಂಗಪ್ಪನಿಗೆ ಬಡಿಯಲು ಕೂರದೆ ಗತಿಯಿರಲಿಲ್ಲ. ಮೊದಲ ಏಟಿಗೆ ಹಿಟ್ಟು ಧೋತರಕ್ಕೆ ಹಾರಿತು. ಎರಡನೆಯದಕ್ಕೆ ರೊಟ್ಟಿ ನಾಲ್ಕು ಹೋಳಾಯಿತು. ಮೂರನೆಯದಕ್ಕೆ ಮೀಸೆ ಕಳಚಿ ಅದರ ಮೇಲೇ ಬಿತ್ತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಇಸಾಕ ಮಾತ್ರ ಮುಂದಿನ ಸಾಲನ್ನೇ ನೋಡುತ್ತಿದ್ದ. ಸಾವಿತ್ರವ್ವನ ಹೆಗಲು ಅಲುಗುತ್ತಿತ್ತು. ನಗುವೋ ಅಳುವೋ, ತಿಳಿಯಲಿಲ್ಲ.

"ಇನ್ನ ಮಂಡಳಿ ಕಡೆ ಹಾಯಬ್ಯಾಡ" ಎಂದು ಗುರುಲಿಂಗಪ್ಪ ಅಂದೇ ಹೇಳಿಬಿಟ್ಟ.

ಮರುದಿನ ಮಧ್ಯಾಹ್ನ ಇಸಾಕ ಸೀರೆ ಮಡಿಸಿಕೊಂಡು ದರ್ಜಿಯ ಮನೆಯ ಹೊಸ್ತಿಲ ಹೊರಗೇ ನಿಂತ. "ಚಿಗವ್ವ, ನಾ ಮೊದಲ ಹೇಳಬೇಕಿತ್ರಿ."

"ಹೇಳಬೇಕಿತ್ತು" ಎಂದಳು ಸಾವಿತ್ರವ್ವ. ನೆರಿಗೆಯಲ್ಲಿ ಉಳಿದಿದ್ದ ಹಿಟ್ಟನ್ನು ಕೊಡವಿ, ಸೀರೆ ಎತ್ತಿಕೊಂಡು ಒಳಗೆ ಹೋದಳು. ಹೋಗಬೇಕೋ ನಿಲ್ಲಬೇಕೋ ತಿಳಿಯದೆ ಅವನು ನಿಂತೇ ಇದ್ದ.

ಅವಳು ಹೊರಬಂದು ಅವನ ಎರಡೂ ಕೈಗಳ ಮೇಲೆ ತಾಟು ಇಟ್ಟಳು. ಬಟ್ಟಲಲ್ಲಿ ಬಿಸಿ ಗಂಜಿ, ಪಕ್ಕದಲ್ಲಿ ಅಂಚು ಹರಿಯದ ಒಂದು ಜೋಳದ ರೊಟ್ಟಿ.